ಬಾಣಂತಿಯ ಕೋಣೆಯ ಹೊರಗೆ

(ಶಿವಮೊಗ್ಗದಲ್ಲಿ ಛಾಯಾಗ್ರಹಣ ಕಲಿಯುತ್ತಿರುವ ಹುಡುಗ ಹುಡುಗಿಯರು ಮತ್ತು ಅವರ ಮನೆಯವರ ಎದುರು, ಹಿಮಕರಡಿ ತಾಯಂದಿರ ಚಿತ್ರ ತೆಗೆದ ಬಗ್ಗೆ ಆಡಿದ ಮಾತು ಇದು. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಬೇಕಾದ ಕಡೆ ಚಿತ್ರವನ್ನು ಮಾತಿನಲ್ಲೇ ಹೇಳಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ, ಏಕೆಂದರೆ ಅವುಗಳಲ್ಲಿ ಒಂದು ನನ್ನ ಮಾತಿನ ದಾರಿಯನ್ನೇ ಬದಲಿಸಿತು.)

ಎಲ್ಲರಿಗೂ ನಮಸ್ಕಾರ. ಲೈಟು ಸ್ವಲ್ಪ ಕಡಿಮೆ ಮಾಡಿದರೆ ಮೊದಲ ಚಿತ್ರ ನೋಡಬಹುದು.

ಇದರಲ್ಲಿ ಏನೂ ಇಲ್ಲವಲ್ಲ ಅಂತ ನಿಮಗೆ ಅನ್ನಿಸುತ್ತಿರಬೇಕು. ಮುಕ್ಕಾಲು ಪಾಲು ಹಿಮ. ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಎಡಗಡೆ ಮೂರು ಕುಳ್ಳ ಸ್ಪ್ರೂಸ್ ಮರಗಳು. ಗಾಳಿಯ ಹೊಡೆತಕ್ಕೆ ಅವುಗಳ ಒಂದು ಬದಿಯ ಕೊಂಬೆಗಳೆಲ್ಲ ಹೋಗಿ, ಕಂಬಕ್ಕೆ ಕಟ್ಟಿದ ಬಾವುಟದ ಹಾಗೆ ಇನ್ನೊಂದು ಬದಿ ಮಾತ್ರ ಉಳಿದಿದೆ. ನಡುವೆ ಹಿಮದ ದಿಬ್ಬದಲ್ಲಿ ಒಂದು ತೂತು, ಬಕೆಟ್ಟಿನ ಬಾಯಿಯಷ್ಟು ಅಗಲ. ಆ ತೂತಿನ ನೆರಳಲ್ಲಿ ನೆರಳಿಗಿಂತ ಕಪ್ಪಾದ ಒಂದು ಚುಕ್ಕಿ ಕಾಣುತ್ತದೆ ನೋಡಿ. ಅದು ಮೂಗು. ಜುಲೈ ತಿಂಗಳಿಂದ ಒಂದು ತುತ್ತೂ ತಿನ್ನದ ಒಬ್ಬ ತಾಯಿಯ ಮೂಗು. ನಾನು ಈ ಚಿತ್ರ ತೆಗೆದದ್ದು ಮಾರ್ಚ್ ಮೊದಲ ವಾರದಲ್ಲಿ.

ಜಾಗದ ಹೆಸರು ವಾಪುಸ್ಕ್. ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ, ಹಡ್ಸನ್ ಕೊಲ್ಲಿಯ ಪಶ್ಚಿಮದ ದಂಡೆಯಲ್ಲಿರುವ ರಾಷ್ಟ್ರೀಯ ಉದ್ಯಾನ. 1996ರಲ್ಲಿ ಆಯಿತು, ವಿಸ್ತಾರ 11,475 ಚದರ ಕಿಲೋಮೀಟರ್. ಅಲ್ಲಿನ ಕ್ರೀ ಜನರ ಮಾತಿನಲ್ಲಿ ವಾಪುಸ್ಕ್ ಎಂದರೆ ಬಿಳಿ ಕರಡಿ. ಹಿಮಕರಡಿಗಳು ಮರಿ ಹಾಕುವ ಜಾಗಗಳಲ್ಲಿ ನಮಗೆ ಗೊತ್ತಿರುವ ಅತಿ ದೊಡ್ಡವುಗಳ ಪೈಕಿ ಇದೂ ಒಂದು. ಹತ್ತಿರದ ಊರು ಚರ್ಚಿಲ್. ಸಾವಿರ ಜನವೂ ಇಲ್ಲದ ಆ ಊರಿಗೆ ರಸ್ತೆ ಇಲ್ಲ. ವಿಮಾನ ಹತ್ತಬೇಕು, ಇಲ್ಲವೇ ವಿನ್ನಿಪೆಗ್‌ನಿಂದ ಸುಮಾರು 1,700 ಕಿಲೋಮೀಟರ್ ರೈಲಿನಲ್ಲಿ ಎರಡು ರಾತ್ರಿ ಕಳೆಯಬೇಕು. ಕೊನೆಯ ಹಾದಿಯಲ್ಲಿ ಆ ರೈಲು ನಡೆಯುವವರಿಗೆ ಜೊತೆ ಕೊಡುವಷ್ಟು ನಿಧಾನವಾಗುತ್ತದೆ. ಹಳಿಯ ಕೆಳಗಿನ ನೆಲ ಒಳಗೆ ಸದಾ ಹೆಪ್ಪುಗಟ್ಟಿರುತ್ತದೆ, ಮೇಲ್ಪದರ ಮಾತ್ರ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಅದರ ಮೇಲಿನ ಹಳಿ ಎಂದೂ ಸಮತಟ್ಟಾಗಿ ಕೂರುವುದಿಲ್ಲ.

ಚರ್ಚಿಲ್ ಹೆಸರು ಕೇಳಿದವರು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್ ತಿಂಗಳ ಚಿತ್ರಗಳನ್ನು ನೋಡಿರುತ್ತೀರಿ. ಎತ್ತರದ ಬಸ್ಸುಗಳಲ್ಲಿ ಪ್ರವಾಸಿಗರು, ಕೊಲ್ಲಿ ಹೆಪ್ಪುಗಟ್ಟುವುದನ್ನೇ ಕಾಯುತ್ತ ದಂಡೆಯಲ್ಲಿ ಅಡ್ಡಾಡುವ ಗಂಡು ಕರಡಿಗಳು. ಅದು ಬೇರೆಯೇ ಕೆಲಸ. ನಾನು ಹೇಳಹೊರಟಿರುವುದು ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನವರೆಗಿನ ಮೂರು ವಾರದ ಮಾತು. ಆಗ ತಾಯಂದಿರು ಮರಿಗಳನ್ನು ಮೊದಲ ಸಲ ಗವಿಯಿಂದ ಹೊರಗೆ ತರುತ್ತಾರೆ.

ಇಷ್ಟು ಹೇಳಿ ನಾನು ಲೆನ್ಸು, ಟ್ರೈಪಾಡು, ಬ್ಯಾಟರಿಯ ವಿಷಯಕ್ಕೆ ಹೋಗುವವನಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. ಮೈಕು ಬೇಡವೆಂದರು, ಕೂತಲ್ಲಿಂದಲೇ ಕೇಳಿದರು: “ಅಲ್ಲಪ್ಪಾ, ಬಾಣಂತಿ ಕೋಣೆ ಬಾಗಿಲಿಗೆ ಕ್ಯಾಮೆರಾ ಹಿಡ್ಕೊಂಡು ಹೋಗಿ ನಿಂತ್ರೆ ಅವಳಿಗೆ ತೊಂದರೆ ಆಗಲ್ವಾ?”

ಅಮ್ಮ, ನಾನು ಕೊನೆಗೆ ಹೇಳಬೇಕೆಂದು ಇಟ್ಟುಕೊಂಡಿದ್ದದ್ದನ್ನು ನೀವು ಮೊದಲೇ ಕೇಳಿಬಿಟ್ಟಿರಿ. ಆಗುತ್ತದೆ. ತೊಂದರೆ ಆಗುತ್ತದೆ. ಅದಕ್ಕೇ ಕ್ಯಾಮೆರಾದ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ಬಾಣಂತಿಯ ವಿಷಯ.

ಹಡ್ಸನ್ ಕೊಲ್ಲಿ ಬೇಸಿಗೆಯಲ್ಲಿ ಪೂರ್ತಿ ಕರಗಿಹೋಗುತ್ತದೆ. ಹಿಮಕರಡಿಯ ಅನ್ನವಿರುವುದು ಮಂಜುಗಡ್ಡೆಯ ಮೇಲೆ. ಅಲ್ಲಿ ಸೀಲ್‌ಗಳು ಉಸಿರಾಡಲು ಬರುವ ಕಂಡಿಗಳ ಬಳಿ ಕಾದು ಕೂತು ಹಿಡಿಯುತ್ತದೆ. ಗಡ್ಡೆ ಹೋದರೆ ಬೇಟೆ ಹೋಯಿತು. ಆದ್ದರಿಂದ ಜುಲೈ ಹೊತ್ತಿಗೆ ಕರಡಿಗಳೆಲ್ಲ ದಂಡೆಗೆ ಬಂದು, ಮೈಯಲ್ಲಿರುವ ಕೊಬ್ಬಿನ ಮೇಲೆ ದಿನ ದೂಡುತ್ತವೆ. ನವೆಂಬರಿನಲ್ಲಿ ಕೊಲ್ಲಿ ಮತ್ತೆ ಹೆಪ್ಪುಗಟ್ಟಿದಾಗ ಉಳಿದವರೆಲ್ಲ ಊಟಕ್ಕೆ ಹೊರಡುತ್ತಾರೆ. ಬಸುರಿಯರು ಮಾತ್ರ ಹೊರಡುವುದಿಲ್ಲ. ಅವರು ದಂಡೆಯಿಂದ ಹತ್ತಾರು ಕಿಲೋಮೀಟರ್ ಒಳಗೆ ನಡೆದು, ಕೆರೆ ತೊರೆಗಳ ಏರಿಯಲ್ಲಿ, ಸ್ಪ್ರೂಸ್ ಮರದ ಬೇರುಗಳ ಕೆಳಗೆ, ಕೊಳೆತ ಪಾಚಿಯಿಂದಾದ ಕಪ್ಪು ಮಣ್ಣಿನಲ್ಲಿ ಗವಿ ತೋಡಿಕೊಂಡಿರುತ್ತಾರೆ. ತಲೆಮಾರುಗಳಿಂದ ಬಳಕೆಯಲ್ಲಿರುವ ಗವಿಗಳೂ ಅಲ್ಲಿವೆ. ಬೇಸಿಗೆಯ ಸೆಕೆಗೆ ಆ ಮಣ್ಣು ತಂಪು ಕೊಡುತ್ತದೆ, ಆಮೇಲೆ ಮೇಲೆ ಬಿದ್ದ ಹಿಮ ಹೊದಿಕೆಯಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕೂಡಿದ್ದರೂ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಶರತ್ಕಾಲಕ್ಕೆ. ಅಲ್ಲಿಯವರೆಗೆ ಅದು ಬೆಳೆಯದೆ ಕಾಯುತ್ತದೆ. ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿಲ್ಲದಿದ್ದರೆ ಬಸಿರು ಮುಂದುವರಿಯುವುದೇ ಇಲ್ಲ. ಪಶ್ಚಿಮ ಹಡ್ಸನ್ ಕೊಲ್ಲಿಯ ಕರಡಿಗಳನ್ನು ತೂಗಿ ನೋಡಿದ ವಿಜ್ಞಾನಿಗಳಿಗೆ, ಗವಿ ಸೇರುವ ಮುನ್ನ 189 ಕಿಲೋಗಿಂತ ಕಡಿಮೆ ತೂಗಿ ಆಮೇಲೆ ಬದುಕುವ ಮರಿ ತಂದ ತಾಯಿ ಒಬ್ಬಳೂ ಸಿಕ್ಕಿರಲಿಲ್ಲ. ಆ ಮೈ ತನ್ನ ಲೆಕ್ಕ ತಾನೇ ನೋಡಿಕೊಂಡು, ಆಗುತ್ತದೆ ಆಗುವುದಿಲ್ಲ ಎಂದು ತೀರ್ಮಾನಿಸುತ್ತದೆ.

ನವೆಂಬರ್, ಡಿಸೆಂಬರ್‌ನಲ್ಲಿ ಕತ್ತಲಲ್ಲೇ ಹೆರಿಗೆ. ಸಾಮಾನ್ಯವಾಗಿ ಎರಡು ಮರಿ. ಹುಟ್ಟಿದಾಗ ಒಂದೊಂದೂ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ತೆಳ್ಳನೆಯ ರೋಮ ಮಾತ್ರ. ಅಲ್ಲಿಂದ ಮಾರ್ಚ್ ತಿಂಗಳಿಗೆ ಅವು ಹತ್ತು ಹನ್ನೆರಡು ಕಿಲೋ ಆಗುತ್ತವೆ. ಅಷ್ಟೂ ಬರುವುದು ಹಾಲಿನಿಂದ. ನಮ್ಮ ಎಮ್ಮೆ ಹಾಲಿನಲ್ಲಿ ನೂರಕ್ಕೆ ಏಳರಷ್ಟು ಕೊಬ್ಬಿದ್ದರೆ ಗಟ್ಟಿ ಹಾಲು ಅನ್ನುತ್ತೇವೆ. ಹಿಮಕರಡಿಯ ಹಾಲಿನಲ್ಲಿ ಅದು ನೂರಕ್ಕೆ ಮೂವತ್ತರ ಆಸುಪಾಸು. ಆ ಕೊಬ್ಬು ಎಲ್ಲಿಂದ ಬರಬೇಕು? ತಾಯಿ ಹೊಸದಾಗಿ ಏನೂ ತಿಂದಿಲ್ಲ. ಕಳೆದ ಬೇಸಿಗೆಗೆ ಮುಂಚೆ ತಿಂದ ಸೀಲ್‌ಗಳೇ ಈಗ ಹಾಲಾಗುತ್ತಿವೆ. ಎಂಟು ತಿಂಗಳ ಉಪವಾಸ ಮುಗಿಯುವ ಹೊತ್ತಿಗೆ ಅವಳ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕರಗಿಹೋಗಿರುತ್ತದೆ.

ನಮ್ಮ ಮನೆಗಳಲ್ಲಿ ಬಾಣಂತಿಗೆ ಬಿಸಿನೀರು, ಎಣ್ಣೆ, ಸಾಂಬ್ರಾಣಿ ಹೊಗೆ, ತುಪ್ಪ ಹಾಕಿದ ಅನ್ನ, ಮೆಣಸಿನ ಸಾರು, ಗಾಳಿಯಾಡದ ಕತ್ತಲೆ ಕೋಣೆ. ಮಾಡುವವರು ನಾಲ್ಕು ಜನ. ಈ ಬಾಣಂತಿಗೆ ಇರುವುದು ಕತ್ತಲೆ ಕೋಣೆಯೊಂದೇ. ಮಿಕ್ಕದ್ದೆಲ್ಲ ಅವಳ ಚರ್ಮದ ಕೆಳಗಿರುವ ಕೊಬ್ಬು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗವಿಯಿಂದ ಹೊರಬಂದ ತಕ್ಷಣ ಅವಳು ಕೊಲ್ಲಿಗೆ ಹೊರಡುವುದಿಲ್ಲ. ಕೆಲವು ದಿನ, ಕೆಲವೊಮ್ಮೆ ಎರಡು ವಾರ, ಗವಿಯ ಬಳಿಯಲ್ಲೇ ಇರುತ್ತಾಳೆ. ಮರಿಗಳ ಕಾಲಿಗೆ ಬಲ ಬರಬೇಕು, ಚಳಿಗೆ ಮೈ ಒಗ್ಗಬೇಕು. ಆಮೇಲೆ ಹತ್ತಾರು ಕಿಲೋಮೀಟರ್ ನಡಿಗೆ. ಈ ದಿನಗಳಲ್ಲಿ ನಾವು ಅವಳನ್ನು ಹೆದರಿಸಿದರೆ ಎರಡರಲ್ಲೊಂದು ಆಗುತ್ತದೆ. ಒಂದೋ ಅವಳು ಮರಿಗಳೊಂದಿಗೆ ಒಳಗೆ ಹೋಗಿ ಕೂರುತ್ತಾಳೆ, ಅವುಗಳಿಗೆ ಬೇಕಾದ ಓಡಾಟ ತಪ್ಪುತ್ತದೆ. ಇಲ್ಲವೇ ಕಾಲು ಗಟ್ಟಿಯಾಗುವ ಮೊದಲೇ ಅವುಗಳನ್ನು ಎಬ್ಬಿಸಿಕೊಂಡು ಹೊರಟುಬಿಡುತ್ತಾಳೆ. ಎರಡಕ್ಕೂ ಖರ್ಚಾಗುವುದು ಆ ಉಳಿದ ಕೊಬ್ಬು. ನಾವು ಅವಳತ್ತ ಅನಗತ್ಯವಾಗಿ ಇಡುವ ಒಂದೊಂದು ಹೆಜ್ಜೆಯೂ ಮರಿಗಳ ಹಾಲಿನಿಂದ ಕಳೆದ ಹಾಗೆ. ಇದನ್ನು ಅರ್ಥ ಮಾಡಿಕೊಳ್ಳದೆ ಯಾರೂ ಅಲ್ಲಿಗೆ ಕ್ಯಾಮೆರಾ ಒಯ್ಯಬಾರದು ಎನ್ನುವುದು ನನ್ನ ಗಟ್ಟಿಯಾದ ನಂಬಿಕೆ.

ಹಾಗಾದರೆ ಹೋಗಲೇಬಾರದೇ ಎಂದು ಹಿಂದಿನಿಂದ ಒಬ್ಬ ಹುಡುಗ ಕೇಳಿದ. ನಾನು ಹೋಗಿದ್ದೇನೆ. ಗೆರೆ ಎಳೆದುಕೊಂಡು ಹೋಗಿದ್ದೇನೆ.

ಆ ಗೆರೆ ನೂರು ಮೀಟರ್. ನಮ್ಮ ಜೊತೆಗಿದ್ದ ಮಾರ್ಗದರ್ಶಕರು ಕ್ರೀ ಸಮುದಾಯದ ಹಿರಿಯರು. ಅಲ್ಲಿ ಚಕ್ರದ ಗಾಡಿ ನಡೆಯುವುದಿಲ್ಲ. ವ್ಯಾನಿನ ಚಕ್ರ ಕಳಚಿ ಟ್ಯಾಂಕಿನ ಹಾಗೆ ಪಟ್ಟಿ ಹಾಕಿರುತ್ತಾರೆ. ಅವರು ಅದನ್ನು ನಡೆಸುತ್ತಲೇ ಹಿಮದ ಮೇಲೆ ಹೆಜ್ಜೆ ಹುಡುಕುತ್ತಿದ್ದರು. ಒಂದೇ ದಿಕ್ಕಿಗೆ ನೇರ ಹೋದ ಹೆಜ್ಜೆ ಕಂಡರೆ ಗಾಡಿ ನಿಲ್ಲಿಸುತ್ತಿರಲಿಲ್ಲ. ಅದು ದಾಟಿ ಹೋದ ಕರಡಿ. ಒಂದು ದಿಬ್ಬದ ಸುತ್ತ ಹೋಗಿ ಬಂದು, ಹೋಗಿ ಬಂದು ಮಾಡಿದ ಹೆಜ್ಜೆಗಳಿದ್ದರೆ ಮಾತ್ರ ಇಂಜಿನ್ ಆರಿಸಿ, ದೂರದರ್ಶಕ ತೆಗೆದು ಬಹಳ ಹೊತ್ತು ನೋಡುತ್ತಿದ್ದರು. ಆ ದಿಬ್ಬದಲ್ಲಿ ನನಗೆ ಬಿಳಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವರಿಗೆ ತೂತಿನ ಅಂಚಿನಲ್ಲಿ ಮಣ್ಣು ತಾಗಿ ಹಳದಿಯಾದ ಹಿಮ ಕಾಣುತ್ತಿತ್ತು. ಜಾಗ ಗೊತ್ತಾದ ಮೇಲೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ನಮ್ಮ ವಾಸನೆ ಗವಿಯ ಕಡೆ ಹೋಗದ ಮಗ್ಗುಲಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ನಿಲ್ಲಿಸಿದ ಮೇಲೆ ಅದು ಅಂದು ಅಲುಗುತ್ತಿರಲಿಲ್ಲ. ಚಿತ್ರಕ್ಕೆ ಈ ಕೋನ ಸರಿಯಿಲ್ಲ, ಸ್ವಲ್ಪ ಎಡಕ್ಕೆ ಹೋಗೋಣ ಎಂಬ ಮಾತಿಗೆ ಅವಕಾಶವೇ ಇಲ್ಲ. ಅವಳು ಬಂದರೆ ಬಂದಳು.

ಹನ್ನೊಂದು ದಿನದಲ್ಲಿ ನಮಗೆ ಕರಡಿ ಕಂಡದ್ದು ನಾಲ್ಕು ದಿನ.

ನೂರು ಮೀಟರ್ ಎಂದರೆ ಬಹಳ ದೂರ ಅಂತ ಹೊಸಬರಿಗೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ 600 ಎಂಎಂ ಲೆನ್ಸ್ ಹಾಕಿದರೆ ನೂರು ಮೀಟರ್ ಆಚೆ ಆರು ಮೀಟರ್ ಅಗಲದಷ್ಟು ಜಾಗ ಚೌಕಟ್ಟಿಗೆ ಸಿಗುತ್ತದೆ. ತಾಯಿ ಎರಡು ಮೀಟರ್ ಉದ್ದ. ಅವಳೂ ಎರಡು ಮರಿಗಳೂ ಸುತ್ತಲಿನ ಹಿಮವೂ ಸರಿಯಾಗಿ ಕೂರುತ್ತವೆ. ಅದಕ್ಕಿಂತ ಹತ್ತಿರ ಹೋಗಿ ಮುಖವೊಂದನ್ನೇ ತುಂಬಿಸಿ ತೆಗೆದರೆ ಮೃಗಾಲಯದ ಚಿತ್ರಕ್ಕೂ ಅದಕ್ಕೂ ಏನು ವ್ಯತ್ಯಾಸ ಉಳಿಯಿತು? ಆ ಖಾಲಿ ಹಿಮವೇ ಅವಳ ಕಥೆ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ 2025ರ ಜನವರಿಯಿಂದ ಹಿಮಕರಡಿಗಳಿಂದ ಕನಿಷ್ಠ 300 ಮೀಟರ್ ದೂರ ಇರಬೇಕೆಂಬ ನಿಯಮ ಬಂದಿದೆ. ಮಾರ್ಚ್ 1ರಿಂದ ಜೂನ್ 30ರವರೆಗೆ, ಅಂದರೆ ಮರಿಗಳು ಹೊರಬಂದು ತಾಯಿ ಬೇಟೆಗಿಳಿಯುವ ಕಾಲಕ್ಕೆ, ಅದು 500 ಮೀಟರ್. ಅದೇ 600ರ ಲೆನ್ಸಿನಲ್ಲಿ 500 ಮೀಟರ್ ಆಚೆಯ ಕರಡಿ ಚೌಕಟ್ಟಿನ ಹದಿನೈದನೇ ಒಂದು ಪಾಲು. ಇನ್ನು ಚಿತ್ರ ತೆಗೆಯುವುದಾದರೂ ಹೇಗೆ ಎಂದು ಕೇಳಿದ ಗೆಳೆಯರಿದ್ದಾರೆ. ಕರಡಿ ಚಿಕ್ಕದಾಗಿರುವ ಚಿತ್ರ ತೆಗೆಯುವುದನ್ನು ಕಲಿಯಬೇಕು. ನನಗೆ ಆ ನಿಯಮ ಸರಿ ಅನ್ನಿಸುತ್ತದೆ.

ಈಗ ಚಳಿಯ ಮಾತು. ನಾವಿದ್ದಾಗ ಬೆಳಗಿನ ಹೊತ್ತು ಮೈನಸ್ 35, ಒಂದು ದಿನ ಮೈನಸ್ 40. ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳಬೇಕಿಲ್ಲ, ಆ ಒಂದು ಅಂಕಿಯಲ್ಲಿ ಎರಡೂ ಸೇರುತ್ತವೆ. ಗಾಳಿ ಎದ್ದರೆ ಇನ್ನೂ ಹತ್ತು ಹದಿನೈದು ಡಿಗ್ರಿ ಕೆಳಗಿಳಿದ ಹಾಗೆ. ಅಂಥ ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ತುಂಬಿದ್ದ ಬ್ಯಾಟರಿಯೂ ಅರ್ಧ ಗಂಟೆಗೆ ಖಾಲಿ ಎನ್ನುತ್ತದೆ. ಅದು ನಿಜವಾಗಿ ಖಾಲಿಯಾಗಿರುವುದಿಲ್ಲ. ಒಳ ಅಂಗಿಯ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಂಡರೆ ಮತ್ತೆ ಎದ್ದು ಕೂರುತ್ತದೆ. ನಾನು ನಾಲ್ಕು ಬ್ಯಾಟರಿಗಳನ್ನು ಹೀಗೇ ತಿರುಗಿಸುತ್ತಿದ್ದೆ, ಎರಡು ಮೈಯ ಬಿಸಿಯಲ್ಲಿ, ಎರಡು ಕೆಲಸದಲ್ಲಿ. ಕ್ಯಾಮೆರಾದ ಲೋಹದ ಭಾಗಕ್ಕೆಲ್ಲ ಬಟ್ಟೆಯ ಟೇಪು ಸುತ್ತಿರಬೇಕು. ಬರಿ ಕೆನ್ನೆ ತಾಗಿದರೆ ಚರ್ಮ ಅಂಟಿಕೊಳ್ಳುತ್ತದೆ. ಸಂಜೆ ಬಿಡಾರಕ್ಕೆ ಬಂದಾಗ ಕ್ಯಾಮೆರಾವನ್ನು ಹಾಗೇ ಒಲೆಯ ಹತ್ತಿರ ಒಯ್ದರೆ ಕೋಣೆಯ ತೇವವೆಲ್ಲ ಗಾಜಿನ ಮೇಲೆ, ಗಾಜಿನೊಳಗೆ ನೀರಾಗಿ ಕೂರುತ್ತದೆ. ಹೊರಗೇ ಮೆಮೊರಿ ಕಾರ್ಡು ತೆಗೆದುಕೊಂಡು, ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು, ಜಗುಲಿಯಲ್ಲಿ ಕೆಲವು ಗಂಟೆ ಬಿಟ್ಟು ಆಮೇಲೆ ಒಳಗೆ ತರಬೇಕು. ತೇವ ಚೀಲದ ಹೊರಮೈಗೆ ಕೂರಲಿ.

ಇದೆಲ್ಲ ಓದಿಕೊಂಡೇ ಹೋಗಿದ್ದೆ. ಆದರೂ ಮೂರನೇ ದಿನ ಒಂದು ತಪ್ಪು ಮಾಡಿದೆ. ಬೆಳಗ್ಗೆ ಏಳೂವರೆಯಿಂದ ಕಾದು ಕೂತಿದ್ದೆವು. ಹನ್ನೊಂದರ ಹೊತ್ತಿಗೆ ತಾಯಿ ತಲೆ ಹೊರಹಾಕಿದಳು. ನನಗೆ ಉಸಿರು ಹಿಡಿಯಲಾಗಲಿಲ್ಲ, ಕಣ್ಣು ವ್ಯೂಫೈಂಡರಿನಲ್ಲೇ ಇಟ್ಟು ಜೋರಾಗಿ ಬಿಟ್ಟೆ. ಬಿಟ್ಟ ಉಸಿರು ಆ ಗಾಜಿನ ಮೇಲೆ ಕ್ಷಣದಲ್ಲಿ ಹರಳುಗಟ್ಟಿತು. ಕೈಗವಸಿನಿಂದ ಉಜ್ಜಿದೆ, ಅದು ಇನ್ನೂ ದಪ್ಪನಾಗಿ ಹರಡಿತು. ಕೈಗವಸು ಕಳಚಿ ಹೆಬ್ಬೆರಳಿನಿಂದ ಕರಗಿಸುತ್ತಿರುವಾಗ ಮೊದಲ ಮರಿ ಹೊರಗೆ ಬಂತು. ಅದು ಅದರ ಬದುಕಿನ ಮೊದಲ ಬೆಳಕೋ ಎರಡನೆಯದೋ ನನಗೆ ಗೊತ್ತಿಲ್ಲ. ನಾನು ಬರಿಗಣ್ಣಲ್ಲಿ ನೋಡಿದೆ, ನನ್ನ ಬಳಿ ಅದರ ಚಿತ್ರವಿಲ್ಲ. ಹೆಬ್ಬೆರಳ ತುದಿ ಎರಡು ವಾರ ಮರಗಟ್ಟಿತ್ತು. ಅಲ್ಲಿಗೆ ಹೋಗುವ ಆಸೆ ಇರುವವರು ಮೂಗಿನಿಂದ ಕೆಳಮುಖವಾಗಿ ಉಸಿರು ಬಿಡುವುದನ್ನು ಊರಿನಲ್ಲೇ ಅಭ್ಯಾಸ ಮಾಡಿ. ಚಿಕ್ಕ ಮಾತೆಂದು ತಳ್ಳಿಹಾಕಬೇಡಿ.

ಇನ್ನೊಂದು ಸಂಗತಿ ಅಲ್ಲಿಗೆ ಹೋಗುವವರೆಗೂ ನನಗೆ ತಿಳಿದಿರಲಿಲ್ಲ. ಬೇಸಿಗೆಯ ಡಾಂಬರು ರಸ್ತೆಯ ಮೇಲೆ ಗಾಳಿ ನೀರಿನ ಹಾಗೆ ಅಲುಗುತ್ತದಲ್ಲ, ಅದು ಮೈನಸ್ 35ರಲ್ಲೂ ಆಗುತ್ತದೆ. ಹೀಟರ್ ಹಾಕಿದ ವ್ಯಾನಿನ ಕಿಟಕಿ ತೆರೆದು ಲೆನ್ಸ್ ಹೊರಹಾಕಿದರೆ ಒಳಗಿನ ಬಿಸಿಗಾಳಿ ಲೆನ್ಸಿನ ಮುಂದೆಯೇ ಹೊರಗಿನ ಚಳಿಗಾಳಿಯೊಂದಿಗೆ ಬೆರೆಯುತ್ತದೆ. ಎಷ್ಟೇ ದುಬಾರಿ ಲೆನ್ಸ್ ಆಗಲಿ, ಒಂದು ಚಿತ್ರವೂ ಚೂಪಾಗಿ ಬರುವುದಿಲ್ಲ. ಲೆನ್ಸೇ ಕೆಟ್ಟಿತೆಂದು ಎರಡು ದಿನ ಕೊರಗಿದ್ದೆ. ಚಿತ್ರ ಬೇಕಾದರೆ ಹೊರಗೆ ಇಳಿದು, ಟ್ರೈಪಾಡ್ ಊರಿ, ಚಳಿಯಲ್ಲೇ ನಿಲ್ಲಬೇಕು. ಬೆಚ್ಚಗೆ ಕೂತು ತೆಗೆಯುವ ಚಿತ್ರ ಇದಲ್ಲ.

ನಮ್ಮಲ್ಲಿ ಕರಡಿ ತೆಗೆದು ರೂಢಿಯಿರುವವರಿಗೆ ಒಂದು ಮಾತು. ನಾನು ಕೈ ಪಳಗಿಸಿದ್ದು ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮದಲ್ಲಿ. ಕಡುಗಪ್ಪು ಮೈ, ಎದೆಯ ಮೇಲೆ ಬಿಳಿ ಪಟ್ಟೆ, ಬೆನ್ನ ಮೇಲೆ ಎರಡು ಮರಿ ಹೊತ್ತು ಬಂಡೆ ಇಳಿಯುವ ತಾಯಿ. ಅಲ್ಲಿ ಕ್ಯಾಮೆರಾ ಕಪ್ಪನ್ನು ಬೂದು ಮಾಡಲು ಹವಣಿಸುತ್ತದೆ, ನಾವು ಎಕ್ಸ್‌ಪೋಷರನ್ನು ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕನ್ನು ಮೈನಸ್ಸಿಗೆ ಇಳಿಸುತ್ತೇವೆ. ವರ್ಷಗಟ್ಟಲೆ ಹೀಗೆ ಮಾಡಿ ಬೆರಳು ತಾನಾಗಿ ಆ ಕಡೆಗೇ ಹೋಗುತ್ತದೆ. ವಾಪುಸ್ಕ್‌ನಲ್ಲಿ ಎಲ್ಲ ತಿರುವುಮುರುವು. ಎತ್ತ ನೋಡಿದರೂ ಬಿಳಿ, ಕ್ಯಾಮೆರಾ ಅದನ್ನೂ ಬೂದು ಮಾಡುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಪ್ಲಸ್ಸಿಗೆ ಏರಿಸಬೇಕು, ಏರಿಸಿ ಹಿಸ್ಟೋಗ್ರಾಮಿನ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ ಬಲ ತುದಿ ಗೋಡೆಗೆ ತಾಗದಂತೆ ನೋಡಿಕೊಳ್ಳಬೇಕು. ಮೊದಲ ದಿನ ನನ್ನ ಬೆರಳು ದರೋಜಿಯ ದಿಕ್ಕಿಗೇ ತಿರುಗಿತ್ತು. ಅಂದಿನ ಚಿತ್ರಗಳಲ್ಲಿ ಹಿಮ ಸಿಮೆಂಟಿನ ಬಣ್ಣ.

ಆಮೇಲೆ ನಿಧಾನವಾಗಿ ಕಣ್ಣಿಗೆ ತಿಳಿಯುತ್ತ ಬಂತು, ಅಲ್ಲಿ ಬಿಳಿ ಎಂಬುದೊಂದು ಬಣ್ಣವೇ ಇಲ್ಲ. ನೆರಳಿನ ಹಿಮ ನೀಲಿ. ಬಿಸಿಲು ಬಿದ್ದ ಹಿಮ ಬೆಳಗ್ಗೆ ನಸುಗೆಂಪು. ಕರಡಿ ಬೆಣ್ಣೆ ಕಾಯಿಸಲು ಇಟ್ಟಾಗಿನ ಮೊದಲ ಹಳದಿ. ಆ ರೋಮಕ್ಕೆ ಬಣ್ಣವಿಲ್ಲ. ಒಂದೊಂದು ಕೂದಲೂ ಪಾರದರ್ಶಕ, ಒಳಗೆ ಟೊಳ್ಳು, ಬೆಳಕನ್ನು ಚದುರಿಸಿ ಬಿಳಿಯಂತೆ ತೋರುತ್ತದೆ. ಕೆಳಗಿನ ಚರ್ಮ ಕಪ್ಪು. ಫೋಕಸ್ ಮಾಡಲು ನಮಗೆ ಸಿಗುವುದು ಮೂರು ಚುಕ್ಕಿ, ಎರಡು ಕಣ್ಣು ಒಂದು ಮೂಗು. ಗಾಳಿಗೆ ಪುಡಿಹಿಮ ಹಾರುವಾಗ ಆಟೋಫೋಕಸ್ ಆ ಪುಡಿಯನ್ನೇ ಹಿಡಿದುಬಿಡುತ್ತದೆ, ಆಗ ಕೈಯಿಂದಲೇ ಆ ಚುಕ್ಕಿಗಳನ್ನು ಹುಡುಕಬೇಕು. ಮರಿಗಳು ತಾಯಿಯ ಹಿಂದೆ ಮುಂದೆ ಓಡಾಡುವುದರಿಂದ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿ, ಎಂಟಕ್ಕಾದರೂ ಮುಚ್ಚಿರಬೇಕು. ಇಲ್ಲವಾದರೆ ತಾಯಿಯ ಕಣ್ಣು ಸ್ಪಷ್ಟ, ಮರಿ ಹತ್ತಿಯ ಉಂಡೆ.

ಏಳನೇ ದಿನದ ಚಿತ್ರಗಳು ಇವು. ಇವನ್ನು ಬೇಗ ಬೇಗ ದಾಟಿಸಲು ನನಗೆ ಮನಸ್ಸಿಲ್ಲ.

ಅಂದು ಗಾಳಿ ಇರಲಿಲ್ಲ. ಸೂರ್ಯನ ಎಡಬಲಕ್ಕೆ ಒಂದೊಂದು ಹುಸಿ ಸೂರ್ಯ ಮೂಡಿತ್ತು. ಗಾಳಿಯಲ್ಲಿ ತೇಲುವ ಮಂಜಿನ ಹರಳುಗಳು ಬೆಳಕನ್ನು ಬಾಗಿಸಿ ಹಾಗೆ ತೋರಿಸುತ್ತವೆ. ತಾಯಿ ಹೊರಬಂದು ಮೊದಲು ಮಾಡಿದ್ದು ಏನು ಗೊತ್ತೇ? ಮುಖವನ್ನು ಹಿಮದಲ್ಲಿ ಒತ್ತಿ, ಹಿಂಗಾಲು ಚಾಚಿ ಹೊಟ್ಟೆಯ ಮೇಲೆ ಜಾರಿದಳು. ತಿಂಗಳುಗಟ್ಟಲೆ ಮಣ್ಣಿನ ಗವಿಯಲ್ಲಿದ್ದ ಮೈಯನ್ನು ಹಿಮದಲ್ಲಿ ತಿಕ್ಕಿ ತೊಳೆದುಕೊಂಡಳು. ಎದ್ದು ನಿಂತಾಗ ಭುಜದ ಎಲುಬು, ಸೊಂಟದ ಎಲುಬು ರೋಮದ ಕೆಳಗೆ ಎದ್ದು ಕಾಣುತ್ತಿದ್ದವು. ಮರಿಗಳು ಹೊರಬಂದವು. ಒಂದು ಧೈರ್ಯದ್ದು, ನೇರ ವಿಲ್ಲೋ ಪೊದೆಗೆ ಹೋಗಿ ಒಂದು ಕಡ್ಡಿ ಕಚ್ಚಿತು. ಇನ್ನೊಂದು ತಾಯಿಯ ಹಿಂಗಾಲಿನ ನಡುವೆಯೇ ನಿಂತು ಆ ಕಡ್ಡಿಯನ್ನು ನೋಡುತ್ತಿತ್ತು. ತಾಯಿ ಗಾಳಿ ತಾಗದ ಕಡೆ ಹಿಮ ಕೆದರಿ ಒಂದು ಗುಣಿ ಮಾಡಿದಳು, ಅದರ ಗೋಡೆಗೆ ಬೆನ್ನು ಕೊಟ್ಟು ನಮ್ಮ ಅಜ್ಜಿಯರು ಕೂರುವ ಹಾಗೆ ಕಾಲು ಚಾಚಿ ಕೂತಳು. ಎರಡೂ ಮರಿಗಳು ಎದೆಯ ಮೇಲೆ ಹತ್ತಿದವು. ಅವಳು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು.

ಹಾಲು ಕುಡಿಯುವಾಗ ಹಿಮಕರಡಿಯ ಮರಿಗಳು ಜೇನ್ನೊಣದ ಹಾಗೆ ಗುಂಯ್‌ಗುಡುತ್ತವೆ, ಗಾಳಿ ನಿಂತಿದ್ದರೆ ಕೇಳಿಸಲೂಬಹುದು ಎಂದು ಮಾರ್ಗದರ್ಶಕರು ಹೇಳಿದ್ದರು. ನಾನು ಟೋಪಿ ಸರಿಸಿ ಕಿವಿ ಕೊಟ್ಟೆ. ನನಗೆ ಕೇಳಿಸಿದ್ದು ಪಕ್ಕದವರ ಶಟರುಗಳ ಸದ್ದು ಮಾತ್ರ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತೆಗೆಯುವುದನ್ನು ನಿಲ್ಲಿಸಿದರು. ಯಾರೂ ಹೇಳಿರಲಿಲ್ಲ. ಕೆಲವು ನಿಮಿಷ ಹಾಗೇ ನಿಂತಿದ್ದೆವು.

ಈ ಚಿತ್ರವನ್ನು, ಎಲುಬು ಕಾಣುವ ತಾಯಿ ನಿಂತಿರುವ ಈ ಒಂದನ್ನು, ಊರಿಗೆ ಬಂದ ಮೇಲೆ ಹಂಚಿಕೊಂಡಾಗ ಒಬ್ಬರು ಅಡಿಬರಹ ಸೂಚಿಸಿದರು: ಹವಾಮಾನ ಬದಲಾವಣೆಗೆ ಬಲಿಯಾದ ತಾಯಿ. ನಾನು ಒಪ್ಪಲಿಲ್ಲ. ಅವಳು ಬಲಿಯಾಗಿಲ್ಲ. ಎಂಟು ತಿಂಗಳು ಉಪವಾಸವಿದ್ದು ಎರಡು ಮರಿ ಸಾಕಿದ ಆರೋಗ್ಯವಂತ ಬಾಣಂತಿ ಮಾರ್ಚ್ ತಿಂಗಳಲ್ಲಿ ಹೀಗೇ ಇರುತ್ತಾಳೆ. ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನವಿದೆ. 2017ರ ಆಗಸ್ಟಿನಲ್ಲಿ ಕೆನಡಾದ ಸಾಮರ್‌ಸೆಟ್ ದ್ವೀಪದಲ್ಲಿ ಛಾಯಾಗ್ರಾಹಕರಾದ ಪಾಲ್ ನಿಕ್ಲೆನ್ ಮತ್ತು ಕ್ರಿಸ್ಟೀನಾ ಮಿಟರ್‌ಮೈಯರ್ ಸಾಯುವಷ್ಟು ಬಡಕಲಾದ ಒಂದು ಹಿಮಕರಡಿಯನ್ನು ಕಂಡು ಚಿತ್ರಿಸಿದರು. ಆ ವಿಡಿಯೊ ಲೋಕವನ್ನೇ ಸುತ್ತಿತು. ಹವಾಮಾನ ಬದಲಾವಣೆ ಎಂದರೆ ಹೀಗಿರುತ್ತದೆ ಎಂಬರ್ಥದ ಅಡಿಬರಹ ಅದಕ್ಕೆ ಸೇರಿತ್ತು. ಮರುವರ್ಷ, ಆ ಕರಡಿ ಏಕೆ ಬಡಕಲಾಗಿತ್ತು ಎಂಬುದು ತಮಗೆ ಖಚಿತವಾಗಿ ಗೊತ್ತಿಲ್ಲ ಎಂದು ಮಿಟರ್‌ಮೈಯರ್ ಅವರೇ ಬರೆದರು. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯೂ ತಾನು ಅಡಿಬರಹದಲ್ಲಿ ಮಿತಿ ಮೀರಿದೆನೆಂದು ಒಪ್ಪಿಕೊಂಡಿತು. ಅವರಿಬ್ಬರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಹಾಗೆ ಒಪ್ಪಿಕೊಂಡದ್ದಕ್ಕೆ ಇನ್ನೂ ಹೆಚ್ಚು. ಆದರೆ ಒಂದು ಕರಡಿಯ ಮೈಮೇಲೆ ಲೋಕದ ಕಥೆ ಹೇರಿದರೆ, ಆ ಕಥೆ ನಿಜವಾಗಿದ್ದರೂ, ನಂಬದವರ ಕೈಗೆ ನಾವೇ ಕಲ್ಲು ಕೊಟ್ಟಂತೆ.

ಏಕೆಂದರೆ ಕಥೆ ನಿಜ. ಅದನ್ನು ಹೇಳುವುದು ಎಣಿಕೆ. ಪಶ್ಚಿಮ ಹಡ್ಸನ್ ಕೊಲ್ಲಿಯ ಹಿಮಕರಡಿಗಳು 1980ರ ದಶಕದಲ್ಲಿ ಸುಮಾರು 1,200 ಇದ್ದವು. 2016ರ ವೈಮಾನಿಕ ಎಣಿಕೆಯಲ್ಲಿ ಅಂದಾಜು 842. 2021ರಲ್ಲಿ 618. ಐದೇ ವರ್ಷದಲ್ಲಿ ನೂರಕ್ಕೆ ಇಪ್ಪತ್ತೇಳು ಇಳಿದಿದೆ, ಅದರಲ್ಲೂ ಹೆಣ್ಣು ಮತ್ತು ಮರಿಗಳ ಇಳಿಕೆ ಹೆಚ್ಚು. ಕೊಲ್ಲಿ ಬೇಗ ಕರಗುತ್ತಿದೆ, ತಡವಾಗಿ ಹೆಪ್ಪುಗಟ್ಟುತ್ತಿದೆ. ನಲವತ್ತು ವರ್ಷದ ಹಿಂದಿಗಿಂತ ಈಗ ಅಲ್ಲಿನ ಕರಡಿಗಳು ದಂಡೆಯಲ್ಲಿ ಮೂರು ನಾಲ್ಕು ವಾರ ಹೆಚ್ಚು ಕಳೆಯುತ್ತಿವೆ. ಮೂರು ನಾಲ್ಕು ವಾರ ಕಡಿಮೆ ಬೇಟೆ, ಅಷ್ಟೇ ಹೆಚ್ಚು ಉಪವಾಸ. ಆಗಲೇ ಹೇಳಿದೆನಲ್ಲ, ಆ ಮೈ ತನ್ನ ಲೆಕ್ಕ ತಾನೇ ನೋಡಿಕೊಳ್ಳುತ್ತದೆ ಎಂದು. ಲೆಕ್ಕ ಸಾಲದಿದ್ದರೆ ಗವಿಯೊಳಗೆ ಮರಿಯೇ ಇರುವುದಿಲ್ಲ. ಹಿಂದೆ ಅಲ್ಲಿ ಮೂರು ಮರಿಗಳ ತಾಯಂದಿರು ಆಗಾಗ ಕಾಣುತ್ತಿದ್ದರು, ಈಗ ತೀರ ಅಪರೂಪ. ಹುಟ್ಟದೇ ಹೋದ ಆ ಮೂರನೇ ಮರಿಯ ಚಿತ್ರವನ್ನು ಯಾವ ಕ್ಯಾಮೆರಾದಿಂದಲೂ ತೆಗೆಯಲಾಗುವುದಿಲ್ಲ. ಅದಕ್ಕೇ ನಾನು ಎಲ್ಲಿ ಚಿತ್ರ ತೋರಿಸಿದರೂ ಈ ಅಂಕಿಗಳನ್ನು ಜೊತೆಗೆ ಹೇಳುತ್ತೇನೆ. ಈ ತಾಯಿಯ ಮೈಮೇಲೆ ಬರೆಯುವುದಿಲ್ಲ, ಪಕ್ಕದಲ್ಲಿ ಇಡುತ್ತೇನೆ.

ಅಮ್ಮ, ನಿಮ್ಮ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ, ನನಗೆ ಗೊತ್ತು. ನಮ್ಮ ಗಾಡಿಯ ಸದ್ದು ಅವಳಿಗೆ ಕೇಳಿಸಲೇ ಇಲ್ಲ ಎಂದು ನಾನು ಹೇಳಲಾರೆ. ಐದನೇ ದಿನ ಬೇರೊಂದು ಗವಿಯ ಎದುರು ಹಾಗೇ ಆಯಿತು. ಅಲ್ಲಿದ್ದ ತಾಯಿ ಹೊರಬಂದು ನಮ್ಮ ಕಡೆ ನೋಡಿದಳು, ಮೂಗೆತ್ತಿ ಗಾಳಿ ಹಿಡಿದಳು, ಮರಿಗಳು ಹೊರಬರದಂತೆ ಗವಿಯ ಬಾಯಿಗೆ ಅಡ್ಡ ನಿಂತಳು. ಮಾರ್ಗದರ್ಶಕರು ಕೈ ಸನ್ನೆ ಮಾಡಿದರು. ನಾವು ಟ್ರೈಪಾಡ್ ಮಡಚಿದೆವು. ಒಂದು ಚಿತ್ರವನ್ನೂ ತೆಗೆಯದೆ, ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ಸರಿದೆವು, ಆ ಗವಿಯ ಕಡೆ ಮತ್ತೆ ಹೋಗಲಿಲ್ಲ. ಸಾವಿರಾರು ಕಿಲೋಮೀಟರ್ ದಾಟಿ ಬಂದವರು ನಾವು, ವರ್ಷಗಟ್ಟಲೆ ಹಣ ಕೂಡಿಟ್ಟು ಬಂದವರೂ ಇದ್ದರು. ಯಾರೂ ಒಂದು ಮಾತೂ ಆಡಲಿಲ್ಲ. ಬಾಗಿಲಲ್ಲಿ ನಿಂತವಳು ಬೇಡ ಅಂದಮೇಲೆ ಮುಗಿಯಿತು.

ಕೊನೆಯದೊಂದು ಚಿತ್ರವಿದೆ. ಇದರಲ್ಲಿ ಕರಡಿ ಇಲ್ಲ.

ಹತ್ತನೇ ದಿನ ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಏಳನೇ ದಿನದ ಆ ತಾಯಿ ಹೊರಟುಹೋಗಿದ್ದಳು. ಗವಿಯ ಬಾಯಿಗೆ ರಾತ್ರಿಯ ಹಿಮ ತೆಳ್ಳಗೆ ಕೂತಿತ್ತು. ಮಾರ್ಗದರ್ಶಕರು ದೂರದರ್ಶಕದಲ್ಲಿ ಸುತ್ತ ಒಂದು ಗಂಟೆ ನೋಡಿ, ಅವಳು ಹತ್ತಿರದಲ್ಲಿಲ್ಲವೆಂದು ಖಚಿತ ಮಾಡಿಕೊಂಡು, ಇಳಿದು ಬನ್ನಿ ಎಂದು ಕರೆದರು. ಹೆಜ್ಜೆಗಳನ್ನು ತೋರಿಸಲು. ಅವಳ ಹೆಜ್ಜೆ ಊಟದ ತಟ್ಟೆಯಷ್ಟು ದೊಡ್ಡದು, ದಾರ ಹಿಡಿದು ಎಳೆದಷ್ಟು ನೇರ. ಅದರ ಎಡಕ್ಕೆ ಒಂದು ಮರಿಯದು, ಪೊದೆ ಕಂಡಲ್ಲೆಲ್ಲ ಹೊರಳಿ ಮತ್ತೆ ಓಡಿಬಂದು ಸೇರಿಕೊಂಡಿದೆ. ಬಲಕ್ಕೆ ಇನ್ನೊಂದು, ತಾಯಿಯ ಹೆಜ್ಜೆಯೊಳಗೇ ಹೆಜ್ಜೆ ಇಡಲು ನೋಡಿ ಗುಣಿಯಲ್ಲಿ ಮುಗ್ಗರಿಸಿದೆ. ಹಿಮ ಆಳವಿರುವ ಒಂದು ಕಡೆ ಆ ಬಲಗಡೆಯ ಪುಟ್ಟ ಹೆಜ್ಜೆಗಳು ನಿಂತುಹೋದವು. ನನ್ನ ಎದೆ ಧಸಕ್ಕೆಂದಿತು. ಮಾರ್ಗದರ್ಶಕರು ತಾಯಿಯ ಹೆಜ್ಜೆಯ ಪಕ್ಕ ಕೂತು ಕೈಯಿಂದ ಅಳೆದು, ಇಲ್ಲಿಂದ ಮುಂದೆ ಇದು ಸ್ವಲ್ಪ ಆಳವಾಗಿ ಊರಿದೆ ನೋಡು ಎಂದರು. ಆಮೇಲೆ ತಮ್ಮ ಬೆನ್ನನ್ನು ತಟ್ಟಿ ತೋರಿಸಿದರು.

ಐವತ್ತು ಹೆಜ್ಜೆಯ ಮುಂದೆ, ಹಿಮ ಗಟ್ಟಿಯಾದಲ್ಲಿ, ಪುಟ್ಟ ಹೆಜ್ಜೆಗಳು ಮತ್ತೆ ಮೂಡಿದ್ದವು. ಅಲ್ಲಿಂದ ಮೂರೂ ಸಾಲು ಪೂರ್ವಕ್ಕೆ, ಕೊಲ್ಲಿಯ ಕಡೆಗೆ ಹೋಗಿದ್ದವು. ನಾವು ಅಲ್ಲೇ ನಿಂತು ಈ ಚಿತ್ರ ತೆಗೆದುಕೊಂಡು ಗಾಡಿಗೆ ಮರಳಿದೆವು.